ದುಡಿಮೆಯ ಲಾಭ, ದುಡ್ಡಿನ ಲಾಭ

ಇನ್ಫೊಸಿಸ್ ಕಂಪನಿಯ 2024ರ ಜನವರಿ–ಮಾರ್ಚ್ ತ್ರೈಮಾಸಿಕದ ಫಲಿತಾಂಶದಲ್ಲಿ ಎರಡು ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ವರಮಾನ ಹಿಂದಿನ ವರ್ಷದ ಇದೇ ಅವಧಿಗಿಂತ ಶೇ 1.3ರಷ್ಟು ಮಾತ್ರ ಹೆಚ್ಚಿ ₹37,923 ಕೋಟಿಗೆ ತಲುಪಿತ್ತು. ನಿವ್ವಳ ಲಾಭವಾದರೋ ಶೇ 30ರಷ್ಟು ಜಿಗಿದು ₹7,969 ಕೋಟಿ ಆಗಿತ್ತು. ಗ್ರಾಹಕರಿಂದ ಬರುವ ಹಣ ನಿಂತಲ್ಲೇ ನಿಂತಿದ್ದಾಗ ಲಾಭ ಹೀಗೆ ಏರಬೇಕಾದರೆ ಒಂದೋ ಖರ್ಚು ಭಾರಿಯಾಗಿ ಇಳಿದಿರಬೇಕು, ಇಲ್ಲವೇ ಬೇರೆಲ್ಲಿಂದಲೋ ಹಣ ಬಂದಿರಬೇಕು. ಖರ್ಚು ಇಳಿದಿರಲಿಲ್ಲ. ಪ್ರತಿ ನೂರು ರೂಪಾಯಿ ವರಮಾನದಲ್ಲಿ ಕಾರ್ಯಾಚರಣೆ ಲಾಭವಾಗಿ ಉಳಿಯುತ್ತಿದ್ದ ಮೊತ್ತ ₹21ರಿಂದ ₹20.1ಕ್ಕೆ ಕುಗ್ಗಿತ್ತು. ಅಂದರೆ ಸಾಫ್ಟ್‌ವೇರ್ ಸೇವೆ ಎಂಬ ಮೂಲ ಕಸುಬಿನ ಗಳಿಕೆ ಆ ಮೂರು ತಿಂಗಳಲ್ಲಿ ಸುಮಾರು ಶೇ 3ರಷ್ಟು ಕಡಿಮೆಯೇ ಆಗಿತ್ತು.

ಅಂತರವನ್ನು ತುಂಬಿದ್ದು ಲಾಭ–ನಷ್ಟ ಪಟ್ಟಿಯಲ್ಲಿರುವ ‘ಇತರ ಆದಾಯ’ ಎಂಬ ಒಂದು ಸಾಲು. ಹಿಂದಿನ ವರ್ಷ ₹671 ಕೋಟಿ ಇದ್ದ ಈ ಬಾಬ್ತು ₹2,729 ಕೋಟಿಗೆ ಏರಿತ್ತು. ಅದರಲ್ಲಿ ₹1,900 ಕೋಟಿಗೂ ಹೆಚ್ಚಿನ ಪಾಲು ಹಳೆಯ ವರ್ಷಗಳ ಆದಾಯ ತೆರಿಗೆ ಮರುಪಾವತಿಯ ಮೇಲೆ ಲೆಕ್ಕಕ್ಕೆ ಬಂದ ಬಡ್ಡಿ. ತೆರಿಗೆಗೆಂದು ಹಿಂದೆ ತೆಗೆದಿರಿಸಿದ್ದ ಮೊತ್ತದ ಒಂದು ಭಾಗವೂ ಬೇಡವಾಗಿ ಲಾಭಕ್ಕೆ ಮರಳಿತು. ಕಂಪನಿ ಇದನ್ನು ಟಿಪ್ಪಣಿಯಲ್ಲಿ ಸ್ಪಷ್ಟವಾಗಿಯೇ ತಿಳಿಸಿತ್ತು, ಮುಚ್ಚಿಟ್ಟದ್ದೇನೂ ಇರಲಿಲ್ಲ. ಆದರೆ ಟಿಪ್ಪಣಿಯವರೆಗೆ ಓದುವವರು ಕಡಿಮೆ. ಒಂದು ವರ್ಷದ ನಂತರ, 2025ರ ಜನವರಿ–ಮಾರ್ಚ್‌ನಲ್ಲಿ, ಚಿತ್ರ ತಲೆಕೆಳಗಾಯಿತು. ವರಮಾನ ಶೇ 7.9ರಷ್ಟು ಹೆಚ್ಚಿ ₹40,925 ಕೋಟಿಗೆ ಏರಿತು, ಕಾರ್ಯಾಚರಣೆ ಲಾಭದ ಪ್ರಮಾಣವೂ ಸುಧಾರಿಸಿತು, ನಿವ್ವಳ ಲಾಭ ಮಾತ್ರ ಸುಮಾರು ಶೇ 12ರಷ್ಟು ಇಳಿದು ₹7,033 ಕೋಟಿಗೆ ಬಂತು. ಕಸುಬು ಸೊರಗಿದ ವರ್ಷ ಲಾಭ ಏರಿದಂತೆಯೂ, ಚೇತರಿಸಿಕೊಂಡ ವರ್ಷ ಲಾಭ ಬಿದ್ದಂತೆಯೂ ಕಂಡಿತು.

ಕೈಯಲ್ಲಿ ಹೇರಳವಾಗಿ ನಗದು ಇರುವ ತಂತ್ರಜ್ಞಾನ ಕಂಪನಿಯ ಗಳಿಕೆ ಎರಡು ಬುಗ್ಗೆಗಳಿಂದ ಬರುತ್ತದೆ. ಒಂದು ಸರಕು ಅಥವಾ ಸೇವೆ ಮಾರಿ ಗಳಿಸಿದ್ದು. ಇನ್ನೊಂದು ಹಿಂದೆ ಗಳಿಸಿ ಕೂಡಿಟ್ಟ ಹಣ ತಾನೇ ಗಳಿಸಿದ್ದು. ಎರಡರ ಸ್ವಭಾವ ಬೇರೆ, ಅಪಾಯ ಬೇರೆ, ಏರಿಳಿತದ ಕಾರಣಗಳೂ ಬೇರೆ. ಪಟ್ಟಿಯ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವು ಬೆರೆತು ಒಂದೇ ಅಂಕಿಯಾಗಿರುತ್ತವೆ. ಷೇರು ಬೆಲೆಯನ್ನು ಅಳೆಯುವವರಲ್ಲಿ ಬಹುಪಾಲು ಮಂದಿ ಹಿಡಿದುಕೊಳ್ಳುವುದು ಆ ಬೆರೆತ ಅಂಕಿಯನ್ನೇ.

ಇಷ್ಟು ನಗದು ಈ ಉದ್ಯಮದಲ್ಲೇ ಏಕೆ ಸೇರುತ್ತದೆ ಎಂಬುದಕ್ಕೆ ಕಾರಣ ಕಷ್ಟದ್ದಲ್ಲ. ಉಕ್ಕಿನ ಕಾರ್ಖಾನೆ ತನ್ನ ಲಾಭದ ದೊಡ್ಡ ಪಾಲನ್ನು ಕುಲುಮೆಗೆ, ಯಂತ್ರಕ್ಕೆ, ಕಚ್ಚಾ ಮಾಲಿನ ದಾಸ್ತಾನಿಗೆ ಮತ್ತೆ ಸುರಿಯಬೇಕು. ಸಾಫ್ಟ್‌ವೇರ್ ಕಂಪನಿಗೆ ದಾಸ್ತಾನೇ ಇಲ್ಲ. ಮುಖ್ಯ ಖರ್ಚು ಸಂಬಳ. ಅದು ಆಯಾ ತಿಂಗಳೇ ತೀರಿಹೋಗುತ್ತದೆ. ಒಮ್ಮೆ ಬರೆದ ತಂತ್ರಾಂಶದ ಇನ್ನೊಂದು ಪ್ರತಿ ಮಾರಲು ಹೆಚ್ಚುವರಿ ವೆಚ್ಚ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಲಾಭದ ಬಹುಪಾಲು ನಗದಾಗಿಯೇ ಉಳಿಯುತ್ತದೆ. ಇದರ ಜೊತೆಗೆ ಭಯವೂ ಒಂದು ಕಾರಣ. ತಂತ್ರಜ್ಞಾನ ರಾತ್ರೋರಾತ್ರಿ ಹಳತಾಗಬಹುದಾದ ಉದ್ಯಮ ಇದು. ಒಂದು ಪೈಸೆ ವರಮಾನ ಬಾರದಿದ್ದರೂ ಒಂದು ವರ್ಷ ಕಂಪನಿ ನಡೆಸುವಷ್ಟು ಹಣ ಕೈಯಲ್ಲಿರಬೇಕು ಎಂಬುದು ಮೈಕ್ರೊಸಾಫ್ಟ್‌ನ ಆರಂಭದ ದಿನಗಳಿಂದ ಬಿಲ್ ಗೇಟ್ಸ್ ಪಾಲಿಸಿದ ನಿಯಮವಾಗಿತ್ತು.

ಅಮೆರಿಕದ ಕಂಪನಿಗಳಿಗೆ ಮೂರನೆಯ ಕಾರಣವೊಂದಿತ್ತು: ತೆರಿಗೆ. ವಿದೇಶಗಳಲ್ಲಿ ಗಳಿಸಿದ ಲಾಭವನ್ನು ತಾಯ್ನಾಡಿಗೆ ತಂದರೆ ಶೇ 35ರ ದರದಲ್ಲಿ ತೆರಿಗೆ ಕಟ್ಟಬೇಕಿತ್ತು, ತರದೆ ಹೊರಗೇ ಇಟ್ಟರೆ ಕಟ್ಟುವುದನ್ನು ಮುಂದೂಡಬಹುದಿತ್ತು. ಹೀಗೆ ವರ್ಷಾನುಗಟ್ಟಲೆ ಹೊರಗೇ ಉಳಿದ ಹಣ ಬೆಟ್ಟದಂತೆ ಬೆಳೆಯಿತು. 2017ರ ಡಿಸೆಂಬರ್‌ನಲ್ಲಿ ತೆರಿಗೆ ಕಾನೂನು ಬದಲಾಗಿ ಈ ಗಂಟು ಬಿಚ್ಚಿಕೊಂಡಿತು. ಆ ವೇಳೆಗೆ ಆ್ಯಪಲ್ ಕಂಪನಿಯೊಂದರ ಬಳಿಯೇ ನಗದು ಮತ್ತು ಮಾರಬಹುದಾದ ಸಾಲಪತ್ರಗಳ ರೂಪದಲ್ಲಿ 28,500 ಕೋಟಿ ಡಾಲರ್ ಇತ್ತು. ಇಷ್ಟು ಹಣವನ್ನು ನಿರ್ವಹಿಸುವುದೇ ಒಂದು ದೊಡ್ಡ ಕಸುಬು. ಆ್ಯಪಲ್ ಅದಕ್ಕೆಂದೇ 2006ರಲ್ಲಿ ನೆವಾಡಾ ರಾಜ್ಯದ ರೀನೊ ನಗರದಲ್ಲಿ ಬ್ರೇಬರ್ನ್ ಕ್ಯಾಪಿಟಲ್ ಎಂಬ ಅಂಗಸಂಸ್ಥೆಯನ್ನು ತೆರೆಯಿತು. ಕ್ಯಾಲಿಫೋರ್ನಿಯಾದ ಕಂಪನಿ ಪಕ್ಕದ ರಾಜ್ಯಕ್ಕೆ ಹೋದದ್ದೇಕೆಂದರೆ, ನೆವಾಡಾದಲ್ಲಿ ಕಂಪನಿಗಳ ಆದಾಯದ ಮೇಲೆ ರಾಜ್ಯ ತೆರಿಗೆ ಇಲ್ಲ.

ಕೂಡಿಟ್ಟ ಹಣ ಎಲ್ಲಿರುತ್ತದೆ ಎಂಬುದರ ಮೇಲೆ ಅದರ ಗಳಿಕೆಯ ಸ್ವರೂಪ ನಿಂತಿದೆ. ಭಾರತದ ಐಟಿ ಕಂಪನಿಗಳು ಸಾಮಾನ್ಯವಾಗಿ ಬ್ಯಾಂಕ್ ಠೇವಣಿ, ಲಿಕ್ವಿಡ್ ಮ್ಯೂಚುವಲ್ ಫಂಡ್, ಸರ್ಕಾರಿ ಸಾಲಪತ್ರ, ತೆರಿಗೆ ಮುಕ್ತ ಬಾಂಡ್, ಕಮರ್ಷಿಯಲ್ ಪೇಪರ್ ಮುಂತಾದವುಗಳಲ್ಲಿ ಹಣ ಇಡುತ್ತವೆ. ಅಮೆರಿಕದ ಕಂಪನಿಗಳು ಸರ್ಕಾರಿ ಖಜಾನೆ ಪತ್ರಗಳ ಜೊತೆಗೆ ಇತರ ಕಂಪನಿಗಳ ಬಾಂಡ್, ಗೃಹಸಾಲ ಆಧಾರಿತ ಸಾಲಪತ್ರಗಳನ್ನೂ ಕೊಳ್ಳುತ್ತವೆ. ಇವೆಲ್ಲ ಬಡ್ಡಿ ತರುವ ಹೂಡಿಕೆಗಳು. ಇವುಗಳ ಪಕ್ಕದಲ್ಲೇ ಬೇರೆ ಕಂಪನಿಗಳ ಷೇರುಗಳೂ, ನವೋದ್ಯಮಗಳಲ್ಲಿ ತೊಡಗಿಸಿದ ಬಂಡವಾಳವೂ ಇರುತ್ತದೆ. ಬಡ್ಡಿ ಮೆಲ್ಲಗೆ, ಅಂದಾಜಿಗೆ ಸಿಗುವಂತೆ ಬದಲಾಗುತ್ತದೆ. ಷೇರು ಹಾಗಲ್ಲ.

ಮೊದಲು ಬಡ್ಡಿಯನ್ನು ನೋಡಬಹುದು. ಒಂದು ಕಾಲ್ಪನಿಕ ಕಂಪನಿಯ ಕಾರ್ಯಾಚರಣೆ ಲಾಭ ವರ್ಷಕ್ಕೆ ₹200 ಕೋಟಿ; ಅದರ ಬಳಿ ₹1,000 ಕೋಟಿ ನಗದಿದೆ, ಅದು ಶೇ 7ರ ದರದಲ್ಲಿ ₹70 ಕೋಟಿ ಬಡ್ಡಿ ತರುತ್ತದೆ. ತೆರಿಗೆಗೆ ಮುಂಚಿನ ಲಾಭ ₹270 ಕೋಟಿ. ಶೇ 25ರ ತೆರಿಗೆ ಕಳೆದರೆ ನಿವ್ವಳ ಲಾಭ ₹202.5 ಕೋಟಿ. ಬಡ್ಡಿ ದರ ಶೇ 5ಕ್ಕೆ ಇಳಿದರೆ ಇತರ ಆದಾಯ ₹50 ಕೋಟಿಗೆ ಬರುತ್ತದೆ, ನಿವ್ವಳ ಲಾಭ ₹187.5 ಕೋಟಿಗೆ ಕುಸಿಯುತ್ತದೆ. ಇಳಿಕೆ ಶೇ 7.4. ಕಂಪನಿ ಒಬ್ಬ ಗ್ರಾಹಕನನ್ನೂ ಕಳೆದುಕೊಂಡಿಲ್ಲ, ಒಂದು ಗಂಟೆಯ ಕೆಲಸವನ್ನೂ ಅಗ್ಗಕ್ಕೆ ಮಾರಿಲ್ಲ. ಹಾಗಿದ್ದರೂ ಮೂಲ ಕಸುಬಿನ ಲಾಭ ಶೇ 10ರಷ್ಟು ಬಿದ್ದಿದ್ದರೆ ಎಷ್ಟು ಪೆಟ್ಟಾಗುತ್ತಿತ್ತೋ ಅಷ್ಟೇ ಪೆಟ್ಟು ಬಿದ್ದಿದೆ.

ಕೋವಿಡ್ ವರ್ಷದಲ್ಲಿ ಇದು ಕಣ್ಣೆದುರೇ ನಡೆಯಿತು. ರಿಸರ್ವ್ ಬ್ಯಾಂಕ್ 2020ರ ಮಾರ್ಚ್ ಮತ್ತು ಮೇ ತಿಂಗಳಲ್ಲಿ ರೆಪೊ ದರವನ್ನು ಶೇ 5.15ರಿಂದ ಶೇ 4ಕ್ಕೆ ಇಳಿಸಿತು. ಇನ್ಫೊಸಿಸ್‌ನ ಇತರ ಆದಾಯ 2019–20ರಲ್ಲಿ ₹2,803 ಕೋಟಿ ಇದ್ದದ್ದು 2020–21ರಲ್ಲಿ ₹2,201 ಕೋಟಿಗೆ ಇಳಿಯಿತು. ಮನೆಯಿಂದಲೇ ಕೆಲಸ, ಡಿಜಿಟಲ್ ಸೇವೆಗಳಿಗೆ ಬೇಡಿಕೆ ಎಂದು ಕಸುಬು ಬಿರುಸಾಗಿದ್ದ ವರ್ಷ ಅದು. ಆದ್ದರಿಂದ ಈ ಇಳಿಕೆ ಒಟ್ಟು ಲಾಭದ ಏರಿಕೆಯಲ್ಲಿ ಮುಚ್ಚಿಹೋಯಿತು. ರೆಪೊ ದರ 2023ರ ಫೆಬ್ರುವರಿ ವೇಳೆಗೆ ಶೇ 6.5ಕ್ಕೆ ಏರಿದಾಗ ಇತರ ಆದಾಯವೂ ಹಿಂದಿನ ಮಟ್ಟದತ್ತ ಮರಳಿ 2022–23ರಲ್ಲಿ ₹2,701 ಕೋಟಿ ಆಯಿತು. ಆ ವರ್ಷದ ತೆರಿಗೆ ಪೂರ್ವ ಲಾಭದಲ್ಲಿ ಅದರ ಪಾಲು ಸುಮಾರು ಶೇ 8. ಬಡ್ಡಿ ದರವೊಂದೇ ಇದಕ್ಕೆ ಕಾರಣ ಎನ್ನಲಾಗದು. ಡಾಲರ್ ಎದುರು ರೂಪಾಯಿಯ ಏರಿಳಿತದಿಂದ ಬರುವ ಲಾಭ–ನಷ್ಟ, ಅದರ ವಿರುದ್ಧ ಮಾಡಿಕೊಂಡ ಮುಂಗಡ ಒಪ್ಪಂದಗಳ ಲೆಕ್ಕ ಕೂಡ ಇದೇ ಸಾಲಿನೊಳಗೆ ಸೇರಿಕೊಳ್ಳುತ್ತವೆ. ‘ಇತರ ಆದಾಯ’ ಎಂಬ ಚೀಲದ ಒಳಗೇನಿದೆ ಎಂದು ಟಿಪ್ಪಣಿ ಬಿಡಿಸಿ ನೋಡದೆ ತೀರ್ಪು ಕೊಡುವುದು ಸರಿಯಲ್ಲ.

ದರ ಬದಲಾದ ದಿನವೇ ಆದಾಯ ಬದಲಾಗುವುದಿಲ್ಲ. ಮೂರು ತಿಂಗಳ ಖಜಾನೆ ಬಿಲ್ಲಿನಲ್ಲಿಟ್ಟ ಹಣಕ್ಕೆ ಹೊಸ ದರ ಬೇಗ ತಟ್ಟುತ್ತದೆ. ಐದು ವರ್ಷದ ಬಾಂಡಿನಲ್ಲಿಟ್ಟ ಹಣ ಮುದ್ದತು ಮುಗಿಯುವವರೆಗೆ ಹಳೆಯ ದರದಲ್ಲೇ ದುಡಿಯುತ್ತದೆ. ದರ ಏರುವ ಕಾಲದಲ್ಲಿ ಕಿರು ಮುದ್ದತಿನ ಹೂಡಿಕೆ ಇದ್ದವರಿಗೆ ಲಾಭ, ಇಳಿಯುವ ಕಾಲದಲ್ಲಿ ದೀರ್ಘ ಮುದ್ದತಿನವರಿಗೆ ರಕ್ಷಣೆ.

ಆ್ಯಪಲ್‌ನ ಕಥೆಯಲ್ಲಿ ಇನ್ನೊಂದು ತಿರುವಿದೆ. ಅಷ್ಟೊಂದು ಹಣವಿದ್ದ ಕಂಪನಿ 2013ರ ಏಪ್ರಿಲ್‌ನಲ್ಲಿ ಬಾಂಡ್ ಮೂಲಕ 1,700 ಕೋಟಿ ಡಾಲರ್ ಸಾಲ ಎತ್ತಿತು. ಹೊರದೇಶದ ಹಣ ತಂದು ತೆರಿಗೆ ಕಟ್ಟುವುದಕ್ಕಿಂತ ಸಾಲ ಮಾಡಿ ಷೇರುದಾರರಿಗೆ ಹಂಚುವುದೇ ಅಗ್ಗವಾಗಿತ್ತು. ಹೀಗಾಗಿ ಒಂದೇ ಕಂಪನಿ ಒಂದು ಕೈಯಲ್ಲಿ ಬಡ್ಡಿ ಪಡೆಯುತ್ತ ಇನ್ನೊಂದು ಕೈಯಲ್ಲಿ ಬಡ್ಡಿ ಕಟ್ಟತೊಡಗಿತು. 2018ರ ಆರ್ಥಿಕ ವರ್ಷದಲ್ಲಿ ಅದಕ್ಕೆ ಬಡ್ಡಿ ಮತ್ತು ಲಾಭಾಂಶದಿಂದ ಸುಮಾರು 570 ಕೋಟಿ ಡಾಲರ್ ಬಂತು. ಕಟ್ಟಿದ ಬಡ್ಡಿ ಸುಮಾರು 320 ಕೋಟಿ ಡಾಲರ್. ಅದೇ ವರ್ಷದ ಫೆಬ್ರುವರಿಯಲ್ಲಿ, ಕ್ರಮೇಣ ನಗದನ್ನೂ ಸಾಲವನ್ನೂ ಸರಿಸಮ ಮಾಡುವುದು ತನ್ನ ಗುರಿ ಎಂದು ಕಂಪನಿ ಪ್ರಕಟಿಸಿತು. 2023ರ ವೇಳೆಗೆ ಬಂದ ಬಡ್ಡಿ ಸುಮಾರು 375 ಕೋಟಿ, ಕಟ್ಟಿದ ಬಡ್ಡಿ ಸುಮಾರು 393 ಕೋಟಿ ಡಾಲರ್ ಆಗಿತ್ತು. ಜಗತ್ತಿನ ಅತಿ ದೊಡ್ಡ ನಗದು ರಾಶಿಗಳಲ್ಲಿ ಒಂದನ್ನು ಇಟ್ಟುಕೊಂಡೂ ಹೂಡಿಕೆಯ ಬಾಬ್ತಿನಲ್ಲಿ ಅದಕ್ಕೆ ಉಳಿದದ್ದು ಏನೂ ಇಲ್ಲ. ನಗದು ಎಷ್ಟಿದೆ ಎಂದು ಕೇಳುವಾಗ ಸಾಲ ಎಷ್ಟಿದೆ ಎಂದೂ ಕೇಳಲೇಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇನ್ನು ಷೇರು ಹೂಡಿಕೆ. ಇಲ್ಲಿ ಲೆಕ್ಕಪತ್ರದ ನಿಯಮವೇ ಗಳಿಕೆಯ ಗತಿಯನ್ನು ನಿರ್ಧರಿಸುತ್ತದೆ. ಹೂಡಿಕೆಯ ಬೆಲೆ ಬದಲಾದಾಗ ಅದನ್ನು ಲೆಕ್ಕಕ್ಕೆ ತರುವ ಬಗೆ ಮೂರು. ಮುದ್ದತು ಮುಗಿಯುವವರೆಗೆ ಇಟ್ಟುಕೊಳ್ಳುವ ಸಾಲಪತ್ರವಾದರೆ ಪೇಟೆ ಬೆಲೆಯ ಏರಿಳಿತವನ್ನು ಗಣಿಸದೆ ಬಡ್ಡಿಯನ್ನಷ್ಟೇ ಆದಾಯಕ್ಕೆ ಸೇರಿಸುವುದು ಮೊದಲನೆಯದು. ಬೆಲೆಯ ಏರಿಳಿತವನ್ನು ಲಾಭ–ನಷ್ಟ ಪಟ್ಟಿಯ ಹೊರಗೆ, ಷೇರುದಾರರ ನಿಧಿಯಲ್ಲಿ ನೇರವಾಗಿ ತೋರಿಸುವುದು ಎರಡನೆಯದು. ಪ್ರತಿ ತ್ರೈಮಾಸಿಕದ ಕೊನೆಯ ದಿನದ ಬೆಲೆ ಹಿಡಿದು ಏರಿದ್ದನ್ನು ಲಾಭವೆಂದೂ ಇಳಿದದ್ದನ್ನು ನಷ್ಟವೆಂದೂ ಬರೆಯುವುದು ಮೂರನೆಯದು. ಹೂಡಿಕೆ ಅದೇ, ಬೆಲೆ ಅದೇ. ಯಾವ ಪಟ್ಟಿಯಲ್ಲಿ ಕುಳಿತಿದೆ ಎಂಬುದರ ಮೇಲೆ ನಿವ್ವಳ ಲಾಭ ಬೇರೆಯಾಗುತ್ತದೆ.

ಅಮೆರಿಕದಲ್ಲಿ 2018ಕ್ಕೆ ಮುಂಚೆ ಕಂಪನಿಗಳು ಇತರ ಲಿಸ್ಟೆಡ್ ಕಂಪನಿಗಳಲ್ಲಿ ಇಟ್ಟುಕೊಂಡಿದ್ದ ಸಣ್ಣ ಪಾಲಿನ ಷೇರುಗಳಿಗೆ ಹೆಚ್ಚಾಗಿ ಎರಡನೆಯ ಬಗೆ ಅನ್ವಯವಾಗುತ್ತಿತ್ತು. ಮಾರಿದಾಗ ಲಾಭ ಪಟ್ಟಿಗೆ ಬರುತ್ತಿತ್ತು. ಬೆಲೆ ಬಿದ್ದು ಮತ್ತೆ ಏಳುವ ಲಕ್ಷಣ ಕಾಣದಿದ್ದಾಗ ನಷ್ಟವೆಂದು ಬರೆದುಹಾಕಬೇಕಿತ್ತು. ಮಧ್ಯದ ಏರಿಳಿತ ಕಾಣುತ್ತಿರಲಿಲ್ಲ. ಆದರೆ ಬರೆದುಹಾಕುವ ದಿನ ಬಂದಾಗ ಪೆಟ್ಟು ಒಮ್ಮೆಲೇ ಬೀಳುತ್ತಿತ್ತು. 1999ರಲ್ಲಿ ಎಟಿ ಆ್ಯಂಡ್ ಟಿ ಕಂಪನಿಯಲ್ಲಿ 500 ಕೋಟಿ ಡಾಲರ್ ತೊಡಗಿಸಿದ್ದೂ ಸೇರಿ ಮೈಕ್ರೊಸಾಫ್ಟ್ ದೂರಸಂಪರ್ಕ ಮತ್ತು ಕೇಬಲ್ ಉದ್ಯಮಗಳಲ್ಲಿ ದೊಡ್ಡ ಮೊತ್ತ ಹೂಡಿತ್ತು. 2000ದ ಜೂನ್‌ಗೆ ಮುಗಿದ ವರ್ಷದಲ್ಲಿ ಹೂಡಿಕೆಯಿಂದ ಅದಕ್ಕೆ 330 ಕೋಟಿ ಡಾಲರ್‌ಗೂ ಹೆಚ್ಚು ಆದಾಯ ಬಂತು. ತಂತ್ರಜ್ಞಾನ ಷೇರುಗಳ ಗುಳ್ಳೆ ಒಡೆದ ಮೇಲೆ, ಮರು ವರ್ಷ, ಸುಮಾರು 480 ಕೋಟಿ ಡಾಲರ್ ಮೌಲ್ಯ ನಷ್ಟವನ್ನು ಬರೆದುಹಾಕಬೇಕಾಯಿತು. ವಿಂಡೋಸ್ ಮತ್ತು ಆಫೀಸ್ ಎಂದಿನಂತೆ ಮಾರಾಟವಾಗುತ್ತಿದ್ದವು. ಕಾರ್ಯಾಚರಣೆ ಲಾಭ ಸುಮಾರು 1,100 ಕೋಟಿಯಿಂದ 1,170 ಕೋಟಿ ಡಾಲರ್‌ಗೆ ಏರಿತು. ನಿವ್ವಳ ಲಾಭ ಮಾತ್ರ 942 ಕೋಟಿಯಿಂದ 735 ಕೋಟಿ ಡಾಲರ್‌ಗೆ ಇಳಿಯಿತು. ಇಂಟೆಲ್‌ಗೂ ಇದೇ ಗತಿ: 2000ದಲ್ಲಿ ಷೇರು ಹೂಡಿಕೆಗಳಿಂದ ಸುಮಾರು 376 ಕೋಟಿ ಡಾಲರ್ ಲಾಭ, 2001ರಲ್ಲಿ 47 ಕೋಟಿ ಡಾಲರ್‌ನಷ್ಟು ನಷ್ಟ. ಇಂಟೆಲ್ ವಿಷಯದಲ್ಲಿ ಚಿಪ್‌ಗಳ ಮಾರಾಟವೂ ಅದೇ ಹೊತ್ತಿಗೆ ಕುಸಿದದ್ದರಿಂದ ಎರಡು ಹೊಡೆತಗಳು ಒಟ್ಟಿಗೆ ಬಿದ್ದವು. ಇದು ಆಕಸ್ಮಿಕವಲ್ಲ. ತಂತ್ರಜ್ಞಾನ ಕಂಪನಿ ತನ್ನದೇ ಉದ್ಯಮದ ಷೇರುಗಳಲ್ಲಿ ಹಣ ತೊಡಗಿಸಿದರೆ ಕಸುಬು ಸೊರಗಿದಾಗಲೇ ಹೂಡಿಕೆಯೂ ಸೊರಗುತ್ತದೆ. ಕಷ್ಟಕಾಲಕ್ಕೆಂದು ಕೂಡಿಟ್ಟ ಹಣ ಕಷ್ಟಕಾಲದಲ್ಲೇ ಕರಗುವ ಈ ಅಪಾಯ ಬ್ಯಾಂಕ್ ಠೇವಣಿಗೆ ಇಲ್ಲ.

2018ರಿಂದ ಅಮೆರಿಕದ ನಿಯಮ ಬದಲಾಯಿತು. ಷೇರು ಹೂಡಿಕೆಯ ಬೆಲೆಯ ಏರಿಳಿತ, ಮಾರಿದರೂ ಮಾರದಿದ್ದರೂ, ನೇರವಾಗಿ ನಿವ್ವಳ ಲಾಭಕ್ಕೆ ಸೇರಬೇಕಾಯಿತು. ಈ ನಿಯಮದಿಂದ ನಿವ್ವಳ ಲಾಭದ ಅಂಕಿ ಅರ್ಥ ಕಳೆದುಕೊಳ್ಳುತ್ತದೆ ಎಂದು ವಾರನ್ ಬಫೆಟ್ ತಮ್ಮ ಷೇರುದಾರರನ್ನು ಆ ವರ್ಷದ ಆರಂಭದಲ್ಲೇ ಎಚ್ಚರಿಸಿದ್ದರು. ಅದರ ಪರಿಣಾಮ ಎಷ್ಟು ತೀವ್ರವಾಗಬಲ್ಲದು ಎಂಬುದನ್ನು ಅಮೆಜಾನ್ ತೋರಿಸಿಕೊಟ್ಟಿತು. ವಿದ್ಯುತ್ ವಾಹನ ತಯಾರಿಸುವ ರಿವಿಯನ್ ಕಂಪನಿಯಲ್ಲಿ ಅದು ಹಣ ತೊಡಗಿಸಿತ್ತು. 2021ರ ನವೆಂಬರ್‌ನಲ್ಲಿ ರಿವಿಯನ್ ಷೇರುಪೇಟೆಗೆ ಬಂತು, ಬೆಲೆ ಗಗನಕ್ಕೇರಿತು. ಆ ತ್ರೈಮಾಸಿಕದಲ್ಲಿ ಅಮೆಜಾನ್‌ನ ನಿವ್ವಳ ಲಾಭ 1,430 ಕೋಟಿ ಡಾಲರ್; ಅದರೊಳಗೆ ರಿವಿಯನ್ ಷೇರಿನ ಮೌಲ್ಯ ಏರಿಕೆಯೇ, ತೆರಿಗೆಗೆ ಮುಂಚೆ, 1,180 ಕೋಟಿ ಡಾಲರ್. ಅಂಗಡಿ, ಗೋದಾಮು, ಕ್ಲೌಡ್ ಎಲ್ಲ ಸೇರಿ ದುಡಿದು ತಂದ ಕಾರ್ಯಾಚರಣೆ ಲಾಭ 350 ಕೋಟಿ ಡಾಲರ್ ಮಾತ್ರ. ಮುಂದಿನ ಮೂರೇ ತಿಂಗಳಲ್ಲಿ ರಿವಿಯನ್ ಷೇರು ಕುಸಿಯಿತು. ಅಮೆಜಾನ್‌ನ ಕಾರ್ಯಾಚರಣೆ ಲಾಭ 370 ಕೋಟಿ ಡಾಲರ್ ಇದ್ದರೂ, 760 ಕೋಟಿ ಡಾಲರ್ ಮೌಲ್ಯ ನಷ್ಟ ಬರೆಯಬೇಕಾಗಿ ಬಂದು 380 ಕೋಟಿ ಡಾಲರ್ ನಿವ್ವಳ ನಷ್ಟ ತೋರಿಸಬೇಕಾಯಿತು. 2022ರ ಇಡೀ ವರ್ಷಕ್ಕೆ ಕಾರ್ಯಾಚರಣೆ ಲಾಭ 1,220 ಕೋಟಿ, ರಿವಿಯನ್ ಬಾಬ್ತಿನ ನಷ್ಟ 1,270 ಕೋಟಿ, ಕೊನೆಗೆ 270 ಕೋಟಿ ಡಾಲರ್ ನಿವ್ವಳ ನಷ್ಟ.

ಈ ಲಾಭವಾಗಲಿ ನಷ್ಟವಾಗಲಿ ಒಂದು ಡಾಲರ್ ನಗದನ್ನೂ ಅತ್ತಿತ್ತ ಸರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲವೂ ಪುಸ್ತಕದಲ್ಲಿ ಏರಿ ಪುಸ್ತಕದಲ್ಲೇ ಇಳಿದದ್ದು. ನಗದು ಹರಿವಿನ ಪಟ್ಟಿಯಲ್ಲಿ ಇವನ್ನು ನಿವ್ವಳ ಲಾಭದಿಂದ ಕಳೆದು ಅಥವಾ ಕೂಡಿ ಸರಿಪಡಿಸಲಾಗುತ್ತದೆ. ಆದ್ದರಿಂದ ಆ ಪಟ್ಟಿಯನ್ನು ಓದುವವರಿಗೆ ದಾರಿ ತಪ್ಪುವುದಿಲ್ಲ. ಗೂಗಲ್‌ನ ಮಾತೃ ಕಂಪನಿ ಆಲ್ಫಾಬೆಟ್‌ನಲ್ಲೂ ಇದೇ ಏರಿಳಿತ ಕಾಣುತ್ತದೆ. 2021ರಲ್ಲಿ ಅದರ ಇತರ ಆದಾಯ ಸುಮಾರು 1,200 ಕೋಟಿ ಡಾಲರ್, 2022ರಲ್ಲಿ ಸುಮಾರು 350 ಕೋಟಿ ಡಾಲರ್ ನಷ್ಟ. ಕಾರ್ಯಾಚರಣೆ ಲಾಭ ಇಳಿದದ್ದು ಶೇ 5ರಷ್ಟು. ನಿವ್ವಳ ಲಾಭ ಇಳಿದದ್ದು ಶೇ 21ರಷ್ಟು. ಇಳಿಕೆಯ ದೊಡ್ಡ ಪಾಲು ಜಾಹೀರಾತು ವ್ಯಾಪಾರದ್ದಲ್ಲ, ಹೂಡಿಕೆಯದು.

ಭಾರತದ ನಿಯಮ ಸ್ವಲ್ಪ ಭಿನ್ನ. ಇಲ್ಲಿ ಅನುಸರಿಸುವ ಲೆಕ್ಕಪತ್ರ ಮಾನದಂಡದ ಪ್ರಕಾರ, ವಹಿವಾಟಿಗೆಂದು ಇಟ್ಟುಕೊಳ್ಳದ ಷೇರು ಹೂಡಿಕೆಯ ಏರಿಳಿತವನ್ನು ಲಾಭ–ನಷ್ಟ ಪಟ್ಟಿಯ ಹೊರಗೇ ತೋರಿಸುವ ಆಯ್ಕೆಯನ್ನು ಕಂಪನಿ ಆರಂಭದಲ್ಲೇ ಮಾಡಿಕೊಳ್ಳಬಹುದು. ಒಮ್ಮೆ ಮಾಡಿಕೊಂಡರೆ ಹಿಂತೆಗೆಯುವಂತಿಲ್ಲ. ಮುಂದೆ ಆ ಷೇರನ್ನು ಮಾರಿದಾಗಲೂ ಅದರ ಲಾಭ ನಿವ್ವಳ ಲಾಭದ ಸಾಲಿಗೆ ಬರುವುದಿಲ್ಲ. ಹೀಗಾಗಿ ಅಮೆಜಾನ್ ಮಾದರಿಯ ಜಿಗಿತ ಭಾರತದ ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಅಪರೂಪ. ಇಲ್ಲವೇ ಇಲ್ಲ ಎನ್ನಲಾಗದು: ನೌಕರಿ ಡಾಟ್ ಕಾಂ ನಡೆಸುವ ಇನ್ಫೊ ಎಡ್ಜ್ ಕಂಪನಿ ಜೊಮಾಟೊದಲ್ಲಿ ಆರಂಭದಲ್ಲೇ ಹಣ ಹೂಡಿತ್ತು. 2021ರಲ್ಲಿ ಜೊಮಾಟೊ ಷೇರುಪೇಟೆಗೆ ಬಂದಾಗ ಆ ಪಾಲನ್ನು ಪೇಟೆ ಬೆಲೆಗೆ ಮರುಲೆಕ್ಕ ಹಾಕಬೇಕಾಗಿ ಬಂದು, ಆ ತ್ರೈಮಾಸಿಕದ ನಿವ್ವಳ ಲಾಭ ಕಂಪನಿಯ ವರಮಾನಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಕಂಡಿತು.

ಪಟ್ಟಿಯ ವಿನ್ಯಾಸದಲ್ಲೂ ಎರಡು ದೇಶಗಳ ನಡುವೆ ವ್ಯತ್ಯಾಸವಿದೆ, ಮತ್ತು ಭಾರತದ ವಿನ್ಯಾಸ ಓದುಗನಿಗೆ ಹೆಚ್ಚು ತೊಡಕಿನದು. ಅಮೆರಿಕದ ಕಂಪನಿಗಳು ಸಾಮಾನ್ಯವಾಗಿ ವರಮಾನದಿಂದ ಖರ್ಚು ಕಳೆದು ಮೊದಲು ಕಾರ್ಯಾಚರಣೆ ಲಾಭ ತೋರಿಸುತ್ತವೆ. ಅದರ ಕೆಳಗೆ ಇತರ ಆದಾಯ ಬರುತ್ತದೆ. ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿ ನಿಗದಿ ಮಾಡಿದ ಭಾರತದ ನಮೂನೆಯಲ್ಲಿ ಕಾರ್ಯಾಚರಣೆಯ ವರಮಾನದ ಬೆನ್ನಿಗೇ ಇತರ ಆದಾಯವನ್ನು ಕೂಡಿಸಿ ‘ಒಟ್ಟು ಆದಾಯ’ ಬರೆಯಲಾಗುತ್ತದೆ. ಖರ್ಚು ಕಳೆಯುವುದು ಆಮೇಲೆ. ಅಲ್ಲಿ ಸಿಗುವ ಲಾಭದಲ್ಲಿ ಕಸುಬಿನದೆಷ್ಟು, ಬಡ್ಡಿಯದೆಷ್ಟು ಎಂದು ಓದುಗನೇ ಕಳೆದು ಕಂಡುಕೊಳ್ಳಬೇಕು. ನಗದು ಹರಿವಿನ ಪಟ್ಟಿಯಲ್ಲಿ ಮಾತ್ರ ಭಾರತದ ಪದ್ಧತಿ ಹೆಚ್ಚು ಕಟ್ಟುನಿಟ್ಟು. ಹಣಕಾಸು ಸಂಸ್ಥೆಯಲ್ಲದ ಕಂಪನಿ ಪಡೆದ ಬಡ್ಡಿಯನ್ನು ಹೂಡಿಕೆಯ ವಿಭಾಗದಲ್ಲಿ ತೋರಿಸಬೇಕು. ಅಮೆರಿಕದಲ್ಲಿ ಅದು ಕಾರ್ಯಾಚರಣೆಯ ವಿಭಾಗದಲ್ಲೇ ಸೇರುತ್ತದೆ. ಎರಡು ದೇಶಗಳ ಕಂಪನಿಗಳ ಕಾರ್ಯಾಚರಣೆಯ ನಗದನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವವರು ಈ ವ್ಯತ್ಯಾಸ ಮರೆತರೆ ಲೆಕ್ಕ ತಪ್ಪುತ್ತದೆ. ಇನ್ಫೊಸಿಸ್ ತನ್ನ ವಾರ್ಷಿಕ ಮುನ್ನೋಟದಲ್ಲಿ ವರಮಾನದ ಬೆಳವಣಿಗೆ ಮತ್ತು ಕಾರ್ಯಾಚರಣೆ ಲಾಭದ ಪ್ರಮಾಣವನ್ನು ಮಾತ್ರ ಹೇಳುತ್ತದೆ. ಅದು ಸರಿಯಾದ ಕ್ರಮ. ಆಡಳಿತದ ಸಾಮರ್ಥ್ಯ ಗೊತ್ತಾಗುವುದು ಆ ಎರಡರಲ್ಲಿ. ರಿಸರ್ವ್ ಬ್ಯಾಂಕಿನ ಬಡ್ಡಿ ದರವಾಗಲಿ ತೆರಿಗೆ ಇಲಾಖೆಯ ಆದೇಶವಾಗಲಿ ಆಡಳಿತದ ಕೈಯಲ್ಲಿಲ್ಲ.

ಬೆರೆತ ಲಾಭದಿಂದ ಷೇರಿನ ಬೆಲೆ ಅಳೆಯುವಾಗಲೂ ಎಡವಟ್ಟಾಗುತ್ತದೆ. ಮೇಲಿನ ಕಾಲ್ಪನಿಕ ಕಂಪನಿಗೆ ಮರಳಿದರೆ, ಅದರ ಕಸುಬಿನ ಗಳಿಕೆ ತೆರಿಗೆ ಕಳೆದು ₹150 ಕೋಟಿ, ಬಡ್ಡಿಯದು ₹52.5 ಕೋಟಿ. ಬೆಳೆಯುವ ಕಸುಬಿಗೆ ಪೇಟೆ ಗಳಿಕೆಯ 25 ಪಟ್ಟು ಬೆಲೆ ಕೊಡುತ್ತದೆ ಎಂದಿಟ್ಟುಕೊಂಡರೆ ಕಸುಬಿನ ಬೆಲೆ ₹3,750 ಕೋಟಿ. ನಗದು ₹1,000 ಕೋಟಿ ಸೇರಿ ₹4,750 ಕೋಟಿ. ಅದರ ಬದಲು ಒಟ್ಟು ಲಾಭವನ್ನೇ 25ರಿಂದ ಗುಣಿಸಿದರೆ ₹5,062 ಕೋಟಿ ಆಗುತ್ತದೆ. ಬಡ್ಡಿಯ ₹52.5 ಕೋಟಿಗೂ 25 ಪಟ್ಟು ಬೆಲೆ ಕಟ್ಟಿದ್ದರಿಂದ ₹1,000 ಕೋಟಿ ನಗದನ್ನು ₹1,312 ಕೋಟಿಗೆ ಕೊಂಡಂತಾಯಿತು. ಬ್ಯಾಂಕಿನಲ್ಲಿರುವ ನೂರು ರೂಪಾಯಿಗೆ ನೂರಾ ಮೂವತ್ತೊಂದು ರೂಪಾಯಿ ಯಾರೂ ಕೊಡುವುದಿಲ್ಲ. ಷೇರಿನ ರೂಪದಲ್ಲಿ ಬಂದಾಗ ಮಾತ್ರ ಕೊಡುತ್ತಾರೆ. ಬಂಡವಾಳದ ಮೇಲಿನ ಗಳಿಕೆಯಲ್ಲೂ ಇದರ ನೆರಳು ಕಾಣುತ್ತದೆ, ಆದರೆ ತಿರುವುಮುರುವಾಗಿ. ಷೇರುದಾರರ ₹1,400 ಕೋಟಿಯಲ್ಲಿ ಕಸುಬಿಗೆ ಬೇಕಾದದ್ದು ₹400 ಕೋಟಿ ಮಾತ್ರ ಆಗಿದ್ದರೆ, ಕಸುಬು ಶೇ 37.5ರಷ್ಟು ಗಳಿಸುತ್ತಿದೆ, ನಗದು ಶೇ 5.25ರಷ್ಟು. ಎರಡೂ ಸೇರಿದಾಗ ಕಾಣುವುದು ಶೇ 14.5 ಎಂಬ ಸಾಧಾರಣ ಅಂಕಿ.

ಹಾಗಾದರೆ ಹೆಚ್ಚುವರಿ ಹಣವನ್ನು ಷೇರುದಾರರಿಗೆ ಕೊಟ್ಟುಬಿಡಬಾರದೇಕೆ ಎಂಬ ಪ್ರಶ್ನೆ ಸಹಜ. ಮೈಕ್ರೊಸಾಫ್ಟ್ 2004ರ ಡಿಸೆಂಬರ್‌ನಲ್ಲಿ ಷೇರಿಗೆ 3 ಡಾಲರ್‌ನಂತೆ ಸುಮಾರು 3,200 ಕೋಟಿ ಡಾಲರ್ ವಿಶೇಷ ಲಾಭಾಂಶ ಹಂಚಿತು. ಇನ್ಫೊಸಿಸ್‌ನಲ್ಲಿ ಹಣಕಾಸು ಮುಖ್ಯಸ್ಥರಾಗಿದ್ದ ಟಿ.ವಿ. ಮೋಹನದಾಸ್ ಪೈ ಮತ್ತು ವಿ. ಬಾಲಕೃಷ್ಣನ್ ಅವರಂಥವರು ಕಂಪನಿ ತನ್ನ ಷೇರುಗಳನ್ನು ಮರುಖರೀದಿಸಬೇಕು ಎಂದು ವರ್ಷಗಳ ಕಾಲ ಒತ್ತಾಯಿಸಿದರು. 2017ರಲ್ಲಿ ₹13,000 ಕೋಟಿಯ ಮೊದಲ ಮರುಖರೀದಿ ನಡೆಯಿತು. ನಂತರ 2019, 2021, 2022ರಲ್ಲಿ ಮತ್ತೆ ಮತ್ತೆ.

ಮರುಖರೀದಿಯಿಂದ ಪ್ರತಿ ಷೇರಿನ ಗಳಿಕೆ ಹೆಚ್ಚುತ್ತದೆ ಎಂಬುದು ಪೇಟೆಯಲ್ಲಿ ಪ್ರಶ್ನೆಯಿಲ್ಲದೆ ಒಪ್ಪಿಕೊಂಡ ಮಾತು. ಷೇರುಗಳ ಸಂಖ್ಯೆ ಇಳಿಯುವುದು ಎಲ್ಲರಿಗೂ ಕಾಣುತ್ತದೆ, ಕಳೆದುಹೋಗುವ ಬಡ್ಡಿ ಕಾಣುವುದಿಲ್ಲ. ಕಾಲ್ಪನಿಕ ಕಂಪನಿಗೆ 10 ಕೋಟಿ ಷೇರುಗಳಿದ್ದರೆ ಪ್ರತಿ ಷೇರಿನ ಗಳಿಕೆ ₹20.25. ಅದು ₹600 ಕೋಟಿ ಖರ್ಚು ಮಾಡಿ ಷೇರು ಕೊಂಡರೆ ಬಡ್ಡಿಯಲ್ಲಿ ₹42 ಕೋಟಿ ಹೋಗುತ್ತದೆ, ನಿವ್ವಳ ಲಾಭ ₹171 ಕೋಟಿಗೆ ಇಳಿಯುತ್ತದೆ. ಷೇರನ್ನು ₹300ಕ್ಕೆ ಕೊಂಡಿದ್ದರೆ ಉಳಿಯುವುದು 8 ಕೋಟಿ ಷೇರು. ಪ್ರತಿ ಷೇರಿನ ಗಳಿಕೆ ₹21.37ಕ್ಕೆ ಏರುತ್ತದೆ. ₹500ಕ್ಕೆ ಕೊಂಡಿದ್ದರೆ ಉಳಿಯುವುದು 8.8 ಕೋಟಿ ಷೇರು, ಗಳಿಕೆ ₹19.43ಕ್ಕೆ ಇಳಿಯುತ್ತದೆ. ಗಡಿ ಇರುವುದು ₹386ರ ಆಸುಪಾಸಿನಲ್ಲಿ, ಅಂದರೆ ಗಳಿಕೆಯ 19 ಪಟ್ಟಿನಲ್ಲಿ. ನಗದು ತೆರಿಗೆ ಕಳೆದು ಶೇ 5.25 ಗಳಿಸುತ್ತಿರುವಾಗ, ಷೇರಿನ ಬೆಲೆಯ ಮೇಲೆ ಗಳಿಕೆಯ ಪ್ರಮಾಣ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಮರುಖರೀದಿ ಗಳಿಕೆಯನ್ನು ಹಿಗ್ಗಿಸುತ್ತದೆ.

ಅಮೆರಿಕದಲ್ಲಿ ಬಡ್ಡಿ ಇಲ್ಲವೆನ್ನುವಷ್ಟಿದ್ದ ವರ್ಷಗಳಲ್ಲಿ ಈ ಗಡಿ ಅತ್ಯಂತ ಮೇಲಿತ್ತು. ನಗದು ವರ್ಷಕ್ಕೆ ಶೇ 1ರಷ್ಟೂ ಗಳಿಸದಿದ್ದರೆ ಗಳಿಕೆಯ ನೂರು ಪಟ್ಟು ಬೆಲೆ ಕೊಟ್ಟು ಷೇರು ಕೊಂಡರೂ ಪ್ರತಿ ಷೇರಿನ ಗಳಿಕೆ ಏರುತ್ತದೆ. ಅಲ್ಲಿನ ಮರುಖರೀದಿಯ ಉತ್ಸಾಹಕ್ಕೆ ಇದೂ ಒಂದು ಕಾರಣ. ಭಾರತದ ಬಡ್ಡಿ ದರದಲ್ಲಿ ಆ ಪಾಠವನ್ನು ಹಾಗೇ ತರಲಾಗದು. ಇನ್ಫೊಸಿಸ್ 2025ರ ಸೆಪ್ಟೆಂಬರ್‌ನಲ್ಲಿ ಷೇರಿಗೆ ₹1,800ರಂತೆ 10 ಕೋಟಿ ಷೇರುಗಳನ್ನು ₹18,000 ಕೋಟಿಗೆ ಕೊಳ್ಳುವುದಾಗಿ ಪ್ರಕಟಿಸಿತು. 2024–25ರಲ್ಲಿ ಅದರ ಪ್ರತಿ ಷೇರಿನ ಗಳಿಕೆ ₹64ರ ಆಸುಪಾಸಿನಲ್ಲಿತ್ತು. ಬೆಲೆ ಅದರ 28 ಪಟ್ಟು, ಗಳಿಕೆಯ ಪ್ರಮಾಣ ಶೇ 3.6. ನಗದು ಶೇ 7ರ ಬಡ್ಡಿ ತರುತ್ತದೆ ಎಂದು ಲೆಕ್ಕ ಹಿಡಿದರೆ ತೆರಿಗೆ ಕಳೆದು ಸಿಗುತ್ತಿದ್ದದ್ದು ಶೇ 5ಕ್ಕೂ ಹೆಚ್ಚು. ಈ ಲೆಕ್ಕದಲ್ಲಿ ಪ್ರತಿ ಷೇರಿನ ಗಳಿಕೆ ಒಂದಿಷ್ಟು ಇಳಿಯಬೇಕು, ಏರಬಾರದು. ಇದರಿಂದ ಮರುಖರೀದಿ ತಪ್ಪು ಎಂದಾಗುವುದಿಲ್ಲ. ಕಸುಬಿಗೆ ಬೇಡವಾದ ಹಣ ಅದರ ಒಡೆಯರಿಗೆ ಮರಳುವುದು ನ್ಯಾಯವೇ. ಆದರೆ ಗಳಿಕೆ ಹೆಚ್ಚುತ್ತದೆ ಎಂಬ ಕಾರಣ ಕೊಟ್ಟು ಅದನ್ನು ಸಮರ್ಥಿಸುವ ಮೊದಲು ಈ ಸಣ್ಣ ಭಾಗಾಕಾರ ಮಾಡಿನೋಡುವುದು ಅಗತ್ಯ.

ಲೆಕ್ಕಪತ್ರದ ಅಂತರರಾಷ್ಟ್ರೀಯ ನಿಯಮಗಳು ಈ ಎರಡು ಬಗೆಯ ಗಳಿಕೆಯನ್ನು ಬೇರ್ಪಡಿಸಿ ತೋರಿಸುವ ಕಡೆಗೆ ಈಗ ಹೊರಳಿವೆ. 2024ರ ಏಪ್ರಿಲ್‌ನಲ್ಲಿ ಹೊರಬಂದ ಐಎಫ್‌ಆರ್‌ಎಸ್ 18 ಎಂಬ ಮಾನದಂಡದ ಪ್ರಕಾರ, ಲಾಭ–ನಷ್ಟ ಪಟ್ಟಿಯ ಆದಾಯ ಮತ್ತು ವೆಚ್ಚವನ್ನು ಮುಖ್ಯವಾಗಿ ಕಾರ್ಯಾಚರಣೆ, ಹೂಡಿಕೆ, ಹಣಕಾಸು ಎಂದು ಮೂರು ವಿಭಾಗಗಳಲ್ಲಿ ಬರೆಯಬೇಕು. ಕಾರ್ಯಾಚರಣೆ ಲಾಭವನ್ನು ಪ್ರತ್ಯೇಕ ಮೊತ್ತವಾಗಿ ತೋರಿಸುವುದು ಕಡ್ಡಾಯ. 2027ರ ಜನವರಿ 1 ಅಥವಾ ಅದರ ನಂತರ ಶುರುವಾಗುವ ಆರ್ಥಿಕ ವರ್ಷಗಳಿಗೆ ಇದು ಅನ್ವಯ. ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ ಇನ್ಫೊಸಿಸ್ ಸಲ್ಲಿಸುವ ವಾರ್ಷಿಕ ವರದಿ ಐಎಫ್‌ಆರ್‌ಎಸ್ ಪ್ರಕಾರವೇ ಸಿದ್ಧವಾಗುವುದರಿಂದ, 2027ರ ಏಪ್ರಿಲ್‌ನಲ್ಲಿ ಆರಂಭವಾಗುವ ವರ್ಷದಿಂದ ಅದರ ಬಡ್ಡಿ ಆದಾಯ ಆ ವರದಿಯಲ್ಲಿ ಹೂಡಿಕೆಯ ವಿಭಾಗದಡಿ ಬೇರೆಯಾಗಿ ಕಾಣಿಸಿಕೊಳ್ಳಬೇಕು.